ಭಿನ್ನಮತದ ಟಿಪ್ಪಣಿ ಬರೆದ ಪ್ರಾಧ್ಯಾಪಕ: ಬಿ. ಆರ್. ಶೆಣೈ



1987ನೆಯ ಇಸವಿಯ ಒಂದು ಮಧ್ಯಾಹ್ನ. ಮಳೆ ಕೈಕೊಟ್ಟ ವರ್ಷವದು. ನಾನು ಸೇವೆಗೆ ಸೇರಿ ಮೂರು ವರ್ಷಗಳೂ ತುಂಬಿರಲಿಲ್ಲ. ಹತ್ತನೆಯ ಇಯತ್ತೆಯಲ್ಲಿ ಸಮಾಜ ವಿಜ್ಞಾನದ ಪಾಠ ನಡೆದಿತ್ತು. ಕಪ್ಪು ಹಲಗೆಯ ಮೇಲೆ ಪಂಚವಾರ್ಷಿಕ ಯೋಜನೆಗಳ ಕೋಷ್ಟಕವನ್ನು ಬರೆದು, ಪ್ರತಿ ಯೋಜನೆಗೂ ಸರಕಾರ ಎಷ್ಟು ಕೋಟಿ ಸಾಲ ಮಾಡಿತು ಎಂಬುದನ್ನು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಸರ್, ನೋಟು ನಾಸಿಕದಾಗ ಸರಕಾರನ ಅಚ್ಚ ಹಾಕತೈತಿ ಅಂತ ಮೊನ್ನೆ ನೀವ ಹೇಳೀರಿ. ಹಂಗಾದ್ರ ಸಾಲ ಯಾಕ ಮಾಡಬೇಕ್ರೀ? ಬೇಕಾದಷ್ಟು ಅಚ್ಚ ಹಾಕಿದ್ರ ಆತಲ್ಲ?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. "ಕುಂಡ್ರೋ, ಪರೀಕ್ಷಾಕ್ಕ ಬರೂದನ್ನ ಕೇಳು" ಎಂದು ಹೇಳಿ ಅವನನ್ನು ಕುಳ್ಳಿರಿಸಿದೆ. ನಿಜವನ್ನೇ ಹೇಳಬೇಕೆಂದರೆ, ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಆ ವಯಸ್ಸಿನಲ್ಲಿ ಇರಲಿಲ್ಲ.

ನಿವೃತ್ತಿಯ ನಂತರ ಧಾರವಾಡದ ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳನ್ನು ತಿರುವಿಹಾಕುತ್ತಿರುವಾಗ, ಇದೇ ಪ್ರಶ್ನೆಯನ್ನು 1955ರಲ್ಲಿಯೇ ಭಾರತ ಸರಕಾರದ ಮುಂದೆ ಎತ್ತಿ ನಿಂತ ಒಬ್ಬ ಪ್ರಾಧ್ಯಾಪಕರ ಪರಿಚಯ ನನಗಾಯಿತು. ಅವರನ್ನೂ ದೇಶವು ಹೆಚ್ಚುಕಡಿಮೆ ನಾನು ಆ ಹುಡುಗನನ್ನು ಕುಳ್ಳಿರಿಸಿದಂತೆಯೇ ಕುಳ್ಳಿರಿಸಿತ್ತು. ಅವರು ನಮ್ಮ ನೆರೆಯ ನಾಡಿನವರೇ. ಹೆಸರು ಬೆಳ್ಳಿಕೋತ್ ರಘುನಾಥ ಶೆಣೈ. ಮೂವತ್ತಕ್ಕೂ ಹೆಚ್ಚು ವರ್ಷ ಪಂಚವಾರ್ಷಿಕ ಯೋಜನೆಗಳ ಪಾಠ ಹೇಳಿದ ನಾನು ಒಮ್ಮೆಯೂ ಅವರ ಹೆಸರನ್ನು ಉಚ್ಚರಿಸಿರಲಿಲ್ಲ. ಆ ಲೋಪವನ್ನು ಕಿಂಚಿತ್ತಾದರೂ ತುಂಬುವುದಕ್ಕಾಗಿ ಈ ಬರಹ.

ಬೆಳ್ಳಿಕೋತ್‌ನಿಂದ ಲಂಡನ್‌ವರೆಗೆ

ಬೆಳ್ಳಿಕೋತ್ ಎಂಬುದು ಕಾಞಂಗಾಡಿನ ಹತ್ತಿರದ ಒಂದು ಹಳ್ಳಿ. ಇಂದು ಅದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದೆ. ಶೆಣೈಯವರು ಅಲ್ಲಿ 1905ರ ಜೂನ್ 3ರಂದು ಜನಿಸಿದಾಗ ಆ ಪ್ರದೇಶವು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕನ್ನಡ, ತುಳು, ಕೊಂಕಣಿ, ಮಲಯಾಳಗಳು ಒಂದೇ ಬೀದಿಯಲ್ಲಿ ಕೇಳಿಬರುವ ನೆಲ ಅದು. ಮಲಯಾಳದ ಮಹಾಕವಿ ಪಿ. ಕುಞಿರಾಮನ್ ನಾಯರ್ ಅವರೂ ಇದೇ ಊರಿನವರು. 1956ರ ನವೆಂಬರ್ 1ರಂದು ನಮ್ಮ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ದಿನ ಕಾಸರಗೋಡು ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಹೋಯಿತು.

ಶೆಣೈಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ, ಬಳಿಕ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ಗೆ ತೆರಳಿದರು. ಅವರು ಅಲ್ಲಿದ್ದ ಕಾಲವು ಅರ್ಥಶಾಸ್ತ್ರದ ಇತಿಹಾಸದಲ್ಲಿ ಬಹು ಬಿಸಿಯಾದ ಕಾಲ. 1929ರ ಮಹಾ ಆರ್ಥಿಕ ಕುಸಿತ ಜಗತ್ತನ್ನು ಅಲುಗಾಡಿಸಿತ್ತು. ಕೇಂಬ್ರಿಜ್‌ನ ಜಾನ್ ಮೇನಾರ್ಡ್ ಕೇನ್ಸ್ ಅವರು 1930ರಲ್ಲಿ ಹಣದ ಕುರಿತಾದ ತಮ್ಮ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ್ದರು. ಅದಕ್ಕೆ ಎದುರಾಗಿ ವಿಯೆನ್ನಾದಿಂದ ಬಂದ ತರುಣ ಫ್ರೆಡ್ರಿಕ್ ಹಯೆಕ್ 1931ರಲ್ಲಿ ಲಂಡನ್‌ನಲ್ಲಿ ಬೆಲೆ ಮತ್ತು ಉತ್ಪಾದನೆಯನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಸಾಲದ ಹಣವನ್ನು ಉಳಿತಾಯದ ಆಧಾರವಿಲ್ಲದೆ ಉಬ್ಬಿಸಿದರೆ, ಇಂದು ಕಂಡ ಏಳಿಗೆಯೇ ನಾಳಿನ ಕುಸಿತಕ್ಕೆ ಕಾರಣವಾಗುತ್ತದೆ ಎಂಬುದು ಹಯೆಕ್ ಅವರ ವಾದದ ಸಾರ. ಶೆಣೈಯವರ ಮನಸ್ಸಿನ ಮೇಲೆ ಈ ವಿಚಾರ ಕೊನೆಯವರೆಗೂ ಉಳಿಯಿತು.

ಆದರೆ ಅವರು ಕೇವಲ ಕೇಳಿ ಬಂದವರಲ್ಲ. ಕೇನ್ಸ್ ಅವರ ಗ್ರಂಥದ ಮೂಲ ಸಮೀಕರಣಗಳನ್ನು ಪರೀಕ್ಷಿಸಿ, ಅಮೆರಿಕದ ಹಾರ್ವರ್ಡ್‌ನಿಂದ ಹೊರಡುತ್ತಿದ್ದ 'ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸ್' ಪತ್ರಿಕೆಯಲ್ಲಿ 1930ರ ದಶಕದ ಆರಂಭದಲ್ಲಿಯೇ ಎರಡು ಲೇಖನಗಳನ್ನು ಪ್ರಕಟಿಸಿದರು. ಜನರು ದಿನಬಳಕೆಗೆ ಕೊಳ್ಳುವ ಸರಕುಗಳ ಬೆಲೆ ಒಂದು ರೀತಿಯಲ್ಲಿಯೂ, ಯಂತ್ರ, ಕಟ್ಟಡಗಳಂತಹ ಹೂಡಿಕೆಯ ಸರಕುಗಳ ಬೆಲೆ ಮತ್ತೊಂದು ರೀತಿಯಲ್ಲಿಯೂ ಪರಸ್ಪರ ಸಂಬಂಧವಿಲ್ಲದಂತೆ ನಿರ್ಧಾರವಾಗುತ್ತವೆ ಎಂಬ ಅರ್ಥ ಕೇನ್ಸ್ ಅವರ ಸಮೀಕರಣಗಳಿಂದ ಹೊರಡುತ್ತಿತ್ತು. ಅವೆರಡೂ ಒಂದನ್ನೊಂದು ಅವಲಂಬಿಸಿವೆ ಎಂಬುದನ್ನು ಶೆಣೈ ತೋರಿಸಹೊರಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎರಡು ಹೊಲಗಳಲ್ಲಿ ಎರಡು ಬಾವಿಗಳಿದ್ದರೂ ಕೆಳಗಿನ ಸೆಲೆ ಒಂದೇ. ಒಂದರಲ್ಲಿ ಅತಿಯಾಗಿ ನೀರೆತ್ತಿದರೆ ಮತ್ತೊಂದರ ಮಟ್ಟವೂ ಇಳಿಯುತ್ತದೆ. ಮೂವತ್ತು ತುಂಬದ ಒಬ್ಬ ಭಾರತೀಯ ತರುಣನು ಕೇನ್ಸ್‌ರಂತಹವರ ಲೆಕ್ಕವನ್ನು ತಿದ್ದಹೊರಡುವುದು ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಯುದ್ಧ, ಸ್ಟರ್ಲಿಂಗ್ ಮತ್ತು ನೋಟು

ತರುವಾಯ ಶೆಣೈಯವರು ಸಿಂಹಳದಲ್ಲಿ ಅಧ್ಯಾಪಕರಾಗಿದ್ದು, ಆ ದ್ವೀಪದ ನಾಣ್ಯ ಹಾಗೂ ಬ್ಯಾಂಕು ವ್ಯವಸ್ಥೆಯನ್ನು ಕುರಿತು 1941ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಭಾರತೀಯ ರಿಜರ್ವ್ ಬ್ಯಾಂಕನ್ನು ಸೇರಿ, ಅಲ್ಲಿ ಹಣಕಾಸು ಸಂಶೋಧನೆಯ ನಿರ್ದೇಶಕರಾದರು. 1950ರ ದಶಕದ ಮೊದಲ ವರ್ಷಗಳಲ್ಲಿ ವಾಷಿಂಗ್ಟನ್‌ನ ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಭಾರತದ ಪರವಾಗಿ ಕಾರ್ಯನಿರ್ವಹಿಸಿದರು. ಹೀಗೆ ಹಣದ ತತ್ವವನ್ನೂ, ದೇಶದೇಶಗಳ ನಡುವಿನ ಹಣದ ವ್ಯವಹಾರವನ್ನೂ ಒಳಗಿನಿಂದ ಕಂಡ ಅನುಭವ ಅವರದಾಗಿತ್ತು.

ಅವರ ನಿಲುವು ಎಲ್ಲಿ ಗಟ್ಟಿಯಾಯಿತು ಎಂಬುದನ್ನು ತಿಳಿಯಲು ಎರಡನೆಯ ಮಹಾಯುದ್ಧದ ಕಾಲದ ಭಾರತವನ್ನು ನೋಡಬೇಕು. ಯುದ್ಧಕ್ಕಾಗಿ ಬ್ರಿಟನ್ನು ನಮ್ಮಲ್ಲಿ ಧಾನ್ಯ, ಬಟ್ಟೆ, ಉಕ್ಕು, ಚರ್ಮ ಎಲ್ಲವನ್ನೂ ಕೊಂಡಿತು. ಬೆಲೆಯನ್ನು ಮಾತ್ರ ಇಲ್ಲಿ ಕೊಡಲಿಲ್ಲ. ಲಂಡನ್ನಿನಲ್ಲಿ ರಿಜರ್ವ್ ಬ್ಯಾಂಕಿನ ಲೆಕ್ಕಕ್ಕೆ ಪೌಂಡುಗಳಲ್ಲಿ ಜಮಾ ಮಾಡಿತು. ಆ ಕಾಗದದ ಆಧಾರದ ಮೇಲೆ ರಿಜರ್ವ್ ಬ್ಯಾಂಕು ಇಲ್ಲಿ ನೋಟುಗಳನ್ನು ಹೊರಡಿಸಿತು. 1939ರಲ್ಲಿ 200 ಕೋಟಿ ರೂಪಾಯಿಗೂ ಕಡಿಮೆಯಿದ್ದ ನೋಟುಗಳ ಚಲಾವಣೆ 1945ರ ಹೊತ್ತಿಗೆ 1,100 ಕೋಟಿಯನ್ನು ದಾಟಿತು. ಸರಕು ದೇಶದಿಂದ ಹೊರಗೆ ಹೋಯಿತು, ನೋಟು ದೇಶದೊಳಗೆ ಉಳಿಯಿತು. ಬೆಲೆಗಳು ಎರಡುಪಟ್ಟಿಗೂ ಮೀರಿ ಏರಿದವು. 1943ರ ಬಂಗಾಳದ ಕ್ಷಾಮಕ್ಕೆ ಹಲವು ಕಾರಣಗಳಿದ್ದರೂ, ಕೂಲಿಕಾರನ ಕೈಗೆ ಅಕ್ಕಿಯ ಬೆಲೆ ಎಟುಕದಂತಾದದ್ದು ಅವುಗಳಲ್ಲಿ ಒಂದು.

ಯುದ್ಧ ಮುಗಿದಾಗ ಲಂಡನ್ನಿನಲ್ಲಿ ನಮ್ಮ ಹೆಸರಿನಲ್ಲಿದ್ದ ಬಾಕಿ ಸುಮಾರು 1,733 ಕೋಟಿ ರೂಪಾಯಿ. ನಮ್ಮ ಬಡವರು ಅರೆಹೊಟ್ಟೆಯಲ್ಲಿದ್ದು ಬ್ರಿಟನ್ನಿಗೆ ಕೊಟ್ಟ ಸಾಲವೆಂದೇ ಅದನ್ನು ತಿಳಿಯಬೇಕು. ಶೆಣೈಯವರು ಈ ಸ್ಟರ್ಲಿಂಗ್ ಆಸ್ತಿಯನ್ನು ಕುರಿತೇ ಒಂದು ಪುಸ್ತಕವನ್ನು ಬರೆದರು. ಹತ್ತು ವರ್ಷಗಳ ನಂತರ ಆ ಸಂಚಯವು ಕರಗಿದ ಬಗೆಯನ್ನು ಅವರು ಕಣ್ಣಾರೆ ಕಾಣಬೇಕಾಯಿತು.

ಇಲ್ಲಿಯೇ ಮತ್ತೊಂದು ಸಂಗತಿಯನ್ನು ಹೇಳಬೇಕು. 1944ರಲ್ಲಿ ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳು ಕೂಡಿ ದೇಶದ ಅಭಿವೃದ್ಧಿಗಾಗಿ 'ಬಾಂಬೆ ಯೋಜನೆ'ಯನ್ನು ಸಿದ್ಧಪಡಿಸಿದರು. ಹದಿನೈದು ವರ್ಷಗಳಲ್ಲಿ 10,000 ಕೋಟಿ ರೂಪಾಯಿಗಳ ವೆಚ್ಚ. ಅದರಲ್ಲಿ 3,400 ಕೋಟಿಯನ್ನು ಹೊಸದಾಗಿ ಸೃಷ್ಟಿಸಿದ ಹಣದಿಂದ ತುಂಬುವುದೆಂಬ ಲೆಕ್ಕ. ಶೆಣೈಯವರು ಆ ಯೋಜನೆಯ ಹಣಕಾಸಿನ ಭಾಗವನ್ನು ವಿಮರ್ಶಿಸಿ ಅದೇ ವರ್ಷ ಪುಸ್ತಿಕೆಯೊಂದನ್ನು ಹೊರತಂದರು. ಮುಂದೆ ಅವರನ್ನು ಬಂಡವಾಳಗಾರರ ವಕೀಲರೆಂದು ಜರೆದವರು ಈ ಸಂಗತಿಯನ್ನು ಮರೆತಿದ್ದರು. ನೋಟು ಅಚ್ಚು ಹಾಕುವ ಲೆಕ್ಕವನ್ನು ಉದ್ಯಮಿಗಳು ಮಾಡಿದಾಗಲೂ ಅವರು ಬೇಡವೆಂದರು, ಸರಕಾರ ಮಾಡಿದಾಗಲೂ ಬೇಡವೆಂದರು.

1955ರ ಟಿಪ್ಪಣಿ

1954ರಲ್ಲಿ ಶೆಣೈಯವರು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ, ಸಮಾಜ ವಿಜ್ಞಾನ ಶಾಲೆಯ ನಿರ್ದೇಶಕರಾಗಿ ಬಂದರು. ಮರುವರ್ಷ ಎರಡನೆಯ ಪಂಚವಾರ್ಷಿಕ ಯೋಜನೆಯ ಸಿದ್ಧತೆ ಆರಂಭವಾಯಿತು. ಕಲಕತ್ತೆಯ ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರು ಭಾರೀ ಕೈಗಾರಿಕೆಗಳನ್ನು ಮುಂದಿಟ್ಟುಕೊಂಡು ಯೋಜನೆಯ ಚೌಕಟ್ಟನ್ನು ರಚಿಸಿದರು. ಅದನ್ನು ಪರಿಶೀಲಿಸಲು ಹಣಕಾಸು ಮಂತ್ರಿ ಸಿ. ಡಿ. ದೇಶಮುಖರ ಅಧ್ಯಕ್ಷತೆಯಲ್ಲಿ ಅರ್ಥಶಾಸ್ತ್ರಜ್ಞರ ಮಂಡಲಿಯೊಂದು ನೇಮಕವಾಯಿತು. ಧನಂಜಯರಾವ್ ಗಾಡಗೀಳ, ವಿ. ಕೆ. ಆರ್. ವಿ. ರಾವ್ ಅವರಂತಹ ದೇಶದ ಘಟಾನುಘಟಿಗಳು ಅದರ ಸದಸ್ಯರು. ಶೆಣೈಯವರೂ ಒಬ್ಬ ಸದಸ್ಯರು.

ಮಂಡಲಿಯು ಒಟ್ಟಿನಲ್ಲಿ ಚೌಕಟ್ಟನ್ನು ಒಪ್ಪಿತು. ಶೆಣೈಯವರೊಬ್ಬರೇ ಪ್ರತ್ಯೇಕವಾಗಿ ಭಿನ್ನಮತದ ಟಿಪ್ಪಣಿಯನ್ನು ಬರೆದುಕೊಟ್ಟರು.

ಅವರು ಹೇಳಿದ್ದೇನು? ನಮ್ಮ ಹಿರಿಯರ ಹಗೇವಿನ ದೃಷ್ಟಾಂತದಿಂದ ವಿವರಿಸುತ್ತೇನೆ. ಈಗಿನ ಮಕ್ಕಳು ಹಗೇವನ್ನು ಕಂಡಿರಲಿಕ್ಕಿಲ್ಲ. ಜೋಳವನ್ನು ನೆಲದಡಿ ಕೂಡಿಡುತ್ತಿದ್ದ ಕಣಜವದು. ಒಂದು ಊರಿನ ಹಗೇವುಗಳಲ್ಲಿ ಅರವತ್ತು ಚೀಲ ಜೋಳವಿದೆ ಎಂದಿಟ್ಟುಕೊಳ್ಳಿ. ಕೆರೆ ಕಟ್ಟುವ ಕೂಲಿಗಳಿಗೆ ಊರ ಹಿರಿಯರು ನೂರು ಚೀಲ ಜೋಳದ ಚೀಟಿಗಳನ್ನು ಹಂಚಿದರು. ಚೀಟಿ ಹೆಚ್ಚಾದ ಮಾತ್ರಕ್ಕೆ ಜೋಳ ಹೆಚ್ಚಾಗುವುದಿಲ್ಲ. ಮೊದಲು ಚೀಟಿ ತಂದವನಿಗೆ ಪೂರ್ತಿ ಜೋಳ ಸಿಕ್ಕೀತು. ನಂತರ ಬಂದವನಿಗೆ ಅರ್ಧ. ಚೀಟಿಯೇ ದೊರೆಯದ ವಿಧವೆ, ವೃದ್ಧ, ಹಳೆಯ ದರದಲ್ಲಿ ದುಡಿಯುವ ಜೀತಗಾರ ಇವರ ತಟ್ಟೆಯಿಂದ ಉಳಿದ ಪಾಲು ಹೋಗುತ್ತದೆ. ಕೆರೆಯೇನೋ ಆದೀತು. ಆದರೆ ಅದರ ಖರ್ಚನ್ನು ಕೊಟ್ಟವರು ಯಾರು ಎಂಬುದು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರುವುದಿಲ್ಲ.

ಎರಡನೆಯ ಯೋಜನೆಯ ಸಾರ್ವಜನಿಕ ವಲಯದ ವೆಚ್ಚ 4,800 ಕೋಟಿ ರೂಪಾಯಿ ಎಂದು ನಿಗದಿಯಾಯಿತು. ಅದರಲ್ಲಿ 1,200 ಕೋಟಿ, ಅಂದರೆ ನಾಲ್ಕರಲ್ಲಿ ಒಂದು ಪಾಲು, ಕೊರತೆಯ ಹಣಕಾಸಿನಿಂದ ಬರಬೇಕಾಗಿತ್ತು. ಮತ್ತೆ 400 ಕೋಟಿಗೆ ಮೂಲವನ್ನೇ ತೋರಿಸಿರಲಿಲ್ಲ. ಕೊರತೆಯ ಹಣಕಾಸು ಎಂಬುದು ಸಭ್ಯವಾದ ಹೆಸರು. ಸರಕಾರವು ರಿಜರ್ವ್ ಬ್ಯಾಂಕಿಗೆ ಖಜಾನೆ ಹುಂಡಿಯನ್ನು ಬರೆದುಕೊಡುತ್ತದೆ. ಬ್ಯಾಂಕು ಅದನ್ನು ಇಟ್ಟುಕೊಂಡು ಸರಕಾರದ ಲೆಕ್ಕಕ್ಕೆ ಹೊಸ ಹಣವನ್ನು ಜಮಾ ಮಾಡುತ್ತದೆ. ಸರಕಾರದ ಖಾತೆಯಲ್ಲಿ ಹಣ ತಗ್ಗಿದೊಡನೆ ಇಂತಹ ಹುಂಡಿಗಳು ತಾವಾಗಿಯೇ ಸೃಷ್ಟಿಯಾಗುವ ಏರ್ಪಾಡು ಜಾರಿಗೆ ಬಂದದ್ದೂ 1955ರಲ್ಲಿಯೇ.

ಜನರ ನಿಜವಾದ ಉಳಿತಾಯ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಯೋಜನೆಯನ್ನು ಕತ್ತರಿಸಿರಿ, ಅದಕ್ಕಿಂತ ದೊಡ್ಡದಾದ ಯೋಜನೆ ಕೇವಲ ಬೆಲೆಗಳನ್ನು ಏರಿಸುತ್ತದೆ, ವಿದೇಶಿ ವಿನಿಮಯವನ್ನು ಬರಿದುಮಾಡುತ್ತದೆ ಎಂಬುದು ಟಿಪ್ಪಣಿಯ ಮೊದಲ ಮಾತು. ಬೆಲೆ ಏರಿದಾಗ ಸರಕಾರ ನಿಯಂತ್ರಣಗಳನ್ನು ತರುತ್ತದೆ, ನಿಯಂತ್ರಣದಿಂದ ಕಾಳಸಂತೆ ಹುಟ್ಟುತ್ತದೆ, ಅಧಿಕಾರವೆಲ್ಲ ಲೈಸೆನ್ಸ್ ಕೊಡುವವರ ಕೈಗೆ ಹೋಗುತ್ತದೆ, ಪ್ರಜಾಪ್ರಭುತ್ವಕ್ಕೂ ಅದು ಒಳ್ಳೆಯದಲ್ಲ ಎಂಬುದು ಎರಡನೆಯದು.

ಉಳಿದ ಸದಸ್ಯರು ತಿಳಿಗೇಡಿಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1955ರ ಮೊದಲ ತಿಂಗಳುಗಳಲ್ಲಿ ಬೆಲೆಗಳು ಇಳಿದಿದ್ದವು, ಮಳೆಬೆಳೆ ಚೆನ್ನಾಗಿತ್ತು, ಸ್ಟರ್ಲಿಂಗ್ ಬಾಕಿಯ ಉಳಿಕೆಯೂ ಇತ್ತು. ಕೋಟ್ಯಂತರ ಕೈಗಳು ಕೆಲಸವಿಲ್ಲದೆ ಕುಳಿತಿರುವಾಗ ಸ್ವಲ್ಪ ಹೊಸ ಹಣವನ್ನು ಹರಿಸಿ ಆ ಕೈಗಳನ್ನು ದುಡಿಮೆಗೆ ಹಚ್ಚಬಾರದೇಕೆ ಎಂದು ಅವರು ಕೇಳಿದರು. ಆದರೆ ವಿಚಿತ್ರವೆಂದರೆ, ಕೆಲಸವಿಲ್ಲದ ಕೈಗಳಿದ್ದ ಮಾತ್ರಕ್ಕೆ ಕೇನ್ಸ್ ಹೇಳಿದ ಗುಣಕ ನಮ್ಮಂತಹ ಕೃಷಿಪ್ರಧಾನ ದೇಶದಲ್ಲಿ ಕೆಲಸಮಾಡದು, ಉತ್ಪಾದನೆಗೆ ಬದಲು ಬೆಲೆಯೇ ಏರುತ್ತದೆ ಎಂಬುದನ್ನು 1952ರಲ್ಲಿ ವಿವರವಾಗಿ ಬರೆದವರು ಸ್ವತಃ ವಿ. ಕೆ. ಆರ್. ವಿ. ರಾವ್ ಅವರೇ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರ ಮಂತ್ರಿಯಾಗಿ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಕಟ್ಟಿದ ಹಿರಿಯರು ಅವರು. ಗೊತ್ತಿದ್ದ ಸಂಗತಿಗೂ ಒಪ್ಪಿಗೆ ಕೊಟ್ಟ ಸಂಗತಿಗೂ ನಡುವೆ ಎಷ್ಟು ಅಂತರವಿರಬಹುದೆಂಬುದಕ್ಕೆ ಇದು ಉದಾಹರಣೆ. ಸ್ವತಂತ್ರ ದೇಶವನ್ನು ಕಟ್ಟುವ ಉತ್ಸಾಹ ಆಗ ಎಲ್ಲರನ್ನೂ ಆವರಿಸಿತ್ತು. ಆ ಉತ್ಸಾಹವನ್ನು ನಾನು ಹಗುರವಾಗಿ ಕಾಣಲಾರೆ.

ನಂತರ ನಡೆದದ್ದು

1956ರ ಏಪ್ರಿಲ್‌ನಲ್ಲಿ ಯೋಜನೆ ಆರಂಭವಾಯಿತು. ಐದು ವರ್ಷಗಳಲ್ಲಿ ವಿದೇಶಿ ವಿನಿಮಯದ ಸಂಚಯದಿಂದ 200 ಕೋಟಿ ರೂಪಾಯಿಗಳನ್ನು ತೆಗೆದುಕೊಂಡರೆ ಸಾಕೆಂದು ಅಂದಾಜು ಮಾಡಲಾಗಿತ್ತು. ಮೊದಲ ವರ್ಷವೇ ಆ ಮೊತ್ತ ಮುಗಿದುಹೋಯಿತು. ರಿಜರ್ವ್ ಬ್ಯಾಂಕ್ ಹೊರಡಿಸುವ ನೋಟುಗಳಿಗೆ ಶೇಕಡಾ 40ರಷ್ಟು ಚಿನ್ನ ಮತ್ತು ವಿದೇಶಿ ಭದ್ರತೆಗಳ ಆಧಾರವಿರಬೇಕೆಂಬ ನಿಯಮ ಆವರೆಗೆ ಇತ್ತು. 1956ರಲ್ಲಿ ಆ ಪ್ರಮಾಣದ ನಿಯಮವನ್ನು ತೆಗೆದುಹಾಕಿ ಒಂದು ನಿಶ್ಚಿತ ಮೊತ್ತವನ್ನು ಗೊತ್ತುಮಾಡಿದರು. 1957ರಲ್ಲಿ ಅದನ್ನೂ ಇಳಿಸಿ ಒಟ್ಟು 200 ಕೋಟಿ, ಅದರಲ್ಲಿ 115 ಕೋಟಿಯ ಚಿನ್ನ ಇದ್ದರೆ ಸಾಕೆಂದು ಕಾನೂನನ್ನು ತಿದ್ದಿದರು. ನೆರೆಯ ನೀರು ಅಪಾಯದ ಗುರುತನ್ನು ಮುಟ್ಟಿದಾಗ ಗುರುತನ್ನೇ ಮೇಲಕ್ಕೆ ಬರೆದಂತಾಯಿತು.

1958ರಲ್ಲಿ ಯೋಜನೆಯ ವೆಚ್ಚವನ್ನು 4,500 ಕೋಟಿಗೆ ಇಳಿಸಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಶ್ವ ಬ್ಯಾಂಕಿನ ನೇತೃತ್ವದಲ್ಲಿ ಸಾಲ ಕೊಡುವ ದೇಶಗಳು ವಾಷಿಂಗ್ಟನ್‌ನಲ್ಲಿ ಸಭೆ ಸೇರಿ ಭಾರತಕ್ಕೆ ನೆರವಿನ ಕೂಟವೊಂದನ್ನು ರಚಿಸಿದವು. ಹದಿಮೂರು ವರ್ಷಗಳ ಹಿಂದೆ ಬ್ರಿಟನ್ನಿಗೆ ಸಾಲ ಕೊಟ್ಟ ದೇಶ ಈಗ ಸಾಲಗಾರರ ಸಾಲಿನಲ್ಲಿ ನಿಂತಿತು. ಯೋಜನೆಯ ಅವಧಿಯಲ್ಲಿ ಸಗಟು ಬೆಲೆಗಳು ಹೆಚ್ಚುಕಡಿಮೆ ಶೇಕಡಾ 30ರಷ್ಟು ಏರಿದವು.

ಶೆಣೈಯವರ ಮುಂದಿನ ಸಂಶೋಧನೆಯೆಲ್ಲ ಈ ಬಿಕ್ಕಟ್ಟಿನ ಅಂಗಾಂಗಗಳನ್ನು ಕುರಿತದ್ದು. ಅಂದು ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಸರಕಾರಿ ದರ. ಪೇಟೆಯಲ್ಲಿ ಡಾಲರಿನ ನಿಜವಾದ ಬೆಲೆ ಅದಕ್ಕಿಂತ ಹೆಚ್ಚು. ಆದ್ದರಿಂದ ಆಮದು ಲೈಸೆನ್ಸ್ ಸಿಕ್ಕವನಿಗೆ ಕಾರಖಾನೆ ನಡೆಸುವುದಕ್ಕಿಂತ ಲೈಸೆನ್ಸನ್ನೇ ಮಾರಿಕೊಳ್ಳುವುದು ಲಾಭದಾಯಕ. ರಫ್ತುದಾರನಾದರೋ, ಮಾಲಿನ ಬೆಲೆಯನ್ನು ಕಡಿಮೆ ತೋರಿಸಿ ಉಳಿದ ಡಾಲರುಗಳನ್ನು ಹೊರಗೇ ಬಿಟ್ಟು, ಅವುಗಳಿಂದ ಚಿನ್ನವನ್ನು ಕಳ್ಳಸಾಗಣೆ ಮಾಡಿಸುತ್ತಿದ್ದ. ಪೊಲೀಸರನ್ನು ಹೆಚ್ಚಿಸಿದರೆ ಇದು ನಿಲ್ಲದು, ರೂಪಾಯಿಯ ದರವನ್ನು ನಿಜಕ್ಕೆ ಹತ್ತಿರ ತಂದು ಲೈಸೆನ್ಸುಗಳನ್ನು ತೆಗೆಯಿರಿ ಎಂದು ಅವರು ಬರೆದರು. ಸರಕಾರವು ಅದರ ಬದಲು 1963ರಲ್ಲಿ ಚಿನ್ನ ನಿಯಂತ್ರಣವನ್ನು ತಂದು, 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಆಭರಣ ಮಾಡುವುದನ್ನು ನಿಷೇಧಿಸಿತು. ನಮ್ಮ ಕಡೆಯ ಪತ್ತಾರ ಮನೆತನಗಳ ಹಿರಿಯರು ಆ ದಿನಗಳನ್ನು ನೆನೆದು ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ: ಕುಲುಮೆ ಆರಿತು, ಸುತ್ತಿಗೆ ಹಿಡಿದ ಕೈ ಕೂಲಿಗೆ ಹೋಯಿತು. ಕಳ್ಳಸಾಗಣೆದಾರನಿಗೆ ಏನೂ ಆಗಲಿಲ್ಲ. ಮುಂದೆ 1968ರ ಕಾಯಿದೆಯಾಗಿ ಮುಂದುವರಿದ ಆ ನಿಯಂತ್ರಣ ರದ್ದಾದದ್ದು 1990ರಲ್ಲಿ.

1956ರಿಂದ ಅಮೆರಿಕದ ಪಿ.ಎಲ್. 480 ಕಾನೂನಿನಂತೆ ಗೋಧಿ ಬರತೊಡಗಿತು. ಬೆಲೆಯನ್ನು ರೂಪಾಯಿಗಳಲ್ಲಿ ಕೊಟ್ಟರಾಯಿತು, ಎಲ್ಲರಿಗೂ ಸಂತೋಷ. ಆ ರೂಪಾಯಿಗಳನ್ನು ಮತ್ತೆ ಖರ್ಚಿಗೆ ಹಚ್ಚುವ ರೀತಿಯೂ ಹಣದುಬ್ಬರಕ್ಕೆ ದಾರಿಯಾಗಬಲ್ಲದು, ಅಗ್ಗದ ಪರದೇಶಿ ಧಾನ್ಯವು ನಮ್ಮ ಒಕ್ಕಲಿಗನ ಬೆಲೆಯನ್ನು ತಗ್ಗಿಸಿ ಬಿತ್ತನೆಯ ಉತ್ಸಾಹವನ್ನು ಕುಂದಿಸುತ್ತದೆ ಎಂಬ ವಿಚಾರವನ್ನು ಶೆಣೈಯವರು ಬೆಳೆಸಿ, 1974ರಲ್ಲಿ ಪುಸ್ತಕವನ್ನೇ ಬರೆದರು.

1966ರ ಜೂನ್ 6ರಂದು ಡಾಲರಿನ ದರವನ್ನು 7 ರೂಪಾಯಿ 50 ಪೈಸೆಗೆ ಏರಿಸಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಬರಗಾಲ, ಯುದ್ಧದ ವೆಚ್ಚ, ಸಾಲ ಕೊಡುವವರ ಒತ್ತಡ ಇವುಗಳ ನಡುವೆ ತಡವಾಗಿ ತೆಗೆದುಕೊಂಡ ನಿರ್ಧಾರವದು. ಲೈಸೆನ್ಸಿನ ವ್ಯವಸ್ಥೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮುಂದಿನ ಮೂರು ವರ್ಷ ಪಂಚವಾರ್ಷಿಕ ಯೋಜನೆಗೇ ರಜೆ. ನಾನು ತರಗತಿಯಲ್ಲಿ 'ಯೋಜನಾ ರಜೆ' ಎಂದು ಬರೆಸುತ್ತಿದ್ದೆನಲ್ಲ, ನೆನಪಿದೆಯೆ? ರಜೆ ಏಕೆ ಬಂತೆಂಬುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ.

ಅವರ ಮಿತಿಗಳು

ಶೆಣೈಯವರನ್ನು ಹೊಗಳಿ ನಿಲ್ಲಿಸಿದರೆ ನಾನು ಮತ್ತೊಂದು ಬಗೆಯ ಏಕಪಕ್ಷೀಯ ಪಾಠ ಹೇಳಿದಂತಾದೀತು. ಕೃಷಿ ಉತ್ಪನ್ನಗಳಿಗೆ ಸರಕಾರ ಬೆಂಬಲ ಬೆಲೆ ಕೊಡುವುದನ್ನೂ ಅವರು ಸಂದೇಹದಿಂದ ಕಂಡವರು. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಒಂದೇ ವಾರದಲ್ಲಿ ದರ ಕುಸಿದು, ಗಾಡಿ ಹೂಡಿಕೊಂಡು ಬಂದ ರೈತ ತಲೆಗೆ ಕೈಹೊತ್ತು ಕುಳಿತದ್ದನ್ನು ಕಂಡ ನನಗೆ ಆ ಮಾತನ್ನು ಪೂರ್ತಿ ಒಪ್ಪಲಾಗದು. ಪೇಟೆ ತನ್ನಷ್ಟಕ್ಕೆ ನ್ಯಾಯ ಕೊಡುತ್ತದೆ ಎಂಬ ನಂಬಿಕೆ ಅವರಲ್ಲಿ ಬಲವಾಗಿತ್ತು. ಪೇಟೆಯಲ್ಲಿ ತೂಕದ ಕಲ್ಲು ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅವರ ಬರಹಗಳಲ್ಲಿ ಅಷ್ಟಾಗಿ ಬರುವುದಿಲ್ಲ. ನಮ್ಮ ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟನ್ನು ಯಾವ ಖಾಸಗಿ ಬಂಡವಾಳಗಾರನೂ ಕಟ್ಟುತ್ತಿರಲಿಲ್ಲ. ಎರಡನೆಯ ಯೋಜನೆಯ ಕಾಲದ ಉಕ್ಕಿನ ಕಾರಖಾನೆಗಳು, ತಾಂತ್ರಿಕ ಶಿಕ್ಷಣ ಸಂಸ್ಥೆಗಳು ನಮ್ಮ ಮಕ್ಕಳಿಗೆ ಅನ್ನ ಕೊಟ್ಟಿವೆ.

ಆದರೆ ಏನನ್ನು ಕಟ್ಟಬೇಕೆಂಬ ಪ್ರಶ್ನೆ ಬೇರೆ, ಅದಕ್ಕೆ ಹಣವನ್ನು ಯಾರ ತಟ್ಟೆಯಿಂದ ತೆಗೆಯುತ್ತೇವೆಂಬ ಪ್ರಶ್ನೆ ಬೇರೆ. ಎರಡನೆಯ ಪ್ರಶ್ನೆಯ ಮಟ್ಟಿಗೆ ಶೆಣೈಯವರ ಲೆಕ್ಕ ತಪ್ಪಲಿಲ್ಲ.

ಇಷ್ಟಾದರೂ ಅವರಿಗೆ ದೆಹಲಿಯಲ್ಲಿ ಕಿವಿಗೊಟ್ಟವರು ವಿರಳ. ರಾಜಾಜಿಯವರ ಸ್ವತಂತ್ರ ಪಕ್ಷದವರು, ಎ. ಡಿ. ಶ್ರಾಫರು ಸ್ಥಾಪಿಸಿದ ಮುಕ್ತ ಉದ್ಯಮ ವೇದಿಕೆಯವರು ಅವರ ವಿಚಾರಗಳನ್ನು ಆದರಿಸಿದರು. ವಿದೇಶದಲ್ಲಿ ಮಿಲ್ಟನ್ ಫ್ರೀಡ್‌ಮನ್, ಪೀಟರ್ ಬಾವರ್ ಅಂತಹವರು ಗೌರವಿಸಿದರು. ಬಾವರ್ ಅವರು 1998ರಲ್ಲಿ, ಶೆಣೈ ತೀರಿಕೊಂಡ ಇಪ್ಪತ್ತು ವರ್ಷಗಳ ನಂತರ, ಅವರ ಮಹತ್ವವನ್ನು ಕುರಿತು ಲೇಖನವನ್ನೇ ಬರೆದರು. ಬರ್ಲಿನ್ ಗೋಡೆ ಏಳುವ ಒಂದು ವರ್ಷ ಮೊದಲು, 1960ರಲ್ಲಿ, ಶೆಣೈಯವರು ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳನ್ನು ಹೋಲಿಸಿ ಬರೆದ ಪ್ರಬಂಧವೂ ಪ್ರಸಿದ್ಧವಾಗಿದೆ. 1968ರವರೆಗೆ ಗುಜರಾತ್ ವಿಶ್ವವಿದ್ಯಾಲಯದಲ್ಲಿದ್ದು, ಆಮೇಲೆ ದೆಹಲಿಯಲ್ಲಿ ಅರ್ಥಶಾಸ್ತ್ರ ಸಂಶೋಧನಾ ಕೇಂದ್ರವನ್ನು ನಡೆಸಿದರು. 1978ರ ಫೆಬ್ರವರಿ 8ರಂದು ನಿಧನರಾದರು. ಅವರ ಮಗಳು ಸುಧಾ ಶೆಣೈ ಕೂಡ ಅರ್ಥಶಾಸ್ತ್ರಜ್ಞೆಯಾಗಿ ಆಸ್ಟ್ರೇಲಿಯಾದಲ್ಲಿ ಅಧ್ಯಾಪನ ಮಾಡಿ 2008ರಲ್ಲಿ ತೀರಿಕೊಂಡರು.

ಶೆಣೈಯವರು ಹೋದ ಹದಿಮೂರು ವರ್ಷಕ್ಕೆ, 1991ರಲ್ಲಿ, ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದು, ರಿಜರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಹಾಗೂ ಜಪಾನಿನ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು ಸಾಲ ತರಬೇಕಾಯಿತು. ಮನೆಯ ಹೆಣ್ಣುಮಕ್ಕಳ ತಾಳಿ ಒತ್ತೆಯಿಟ್ಟಂತೆ ಎಂದು ನಮ್ಮ ಶಿಕ್ಷಕರ ಕೋಣೆಯಲ್ಲಿ ಅಂದು ಎಲ್ಲರೂ ಮರುಗಿದ್ದು ನೆನಪಿದೆ. ಆ ಜುಲೈನಲ್ಲಿ ರೂಪಾಯಿಯನ್ನು ಅಪಮೌಲ್ಯ ಮಾಡಿದರು, ಆಮದು ಲೈಸೆನ್ಸುಗಳನ್ನು ಹಂತಹಂತವಾಗಿ ತೆಗೆದರು. 1993ರ ಮಾರ್ಚ್‌ನಿಂದ ರೂಪಾಯಿಯ ದರ ಪೇಟೆಯಲ್ಲಿಯೇ ನಿರ್ಧಾರವಾಗತೊಡಗಿತು. 1955ರಲ್ಲಿ ಆರಂಭವಾಗಿದ್ದ ತಾನಾಗಿ ಹುಟ್ಟುವ ಹುಂಡಿಯ ಪದ್ಧತಿಯನ್ನು 1997ರ ಏಪ್ರಿಲ್‌ನಲ್ಲಿ ಕೊನೆಗೊಳಿಸಲಾಯಿತು. 2003ರ ವಿತ್ತೀಯ ಹೊಣೆಗಾರಿಕೆಯ ಕಾನೂನಿನಂತೆ, ವಿಶೇಷ ಸಂದರ್ಭಗಳನ್ನು ಬಿಟ್ಟು, ಸರಕಾರದ ಸಾಲಪತ್ರಗಳನ್ನು ರಿಜರ್ವ್ ಬ್ಯಾಂಕು ನೇರವಾಗಿ ಕೊಳ್ಳುವುದು 2006ರಿಂದ ನಿಂತಿತು.

ಎಂದರೆ, ಹಿಂದಿನ ಬೆಂಚಿನ ಆ ಹುಡುಗ 1987ರಲ್ಲಿ ಕೇಳಿದ ಪ್ರಶ್ನೆಗೆ ದೇಶವೇ ಉತ್ತರ ಕಂಡುಕೊಳ್ಳಲು ಮತ್ತೂ ಹತ್ತು ವರ್ಷ ಬೇಕಾಯಿತು. ಅದು ನಗುವಂತಹ ಪ್ರಶ್ನೆಯಾಗಿರಲಿಲ್ಲ.

ಸಂಗೊಳ್ಳಿಯ ನಮಗೆ ಎದುರುನಿಲ್ಲುವುದೆಂದರೆ ಖಡ್ಗ ಹಿಡಿದ ರಾಯಣ್ಣನ ಮೂರ್ತಿ ಕಣ್ಣಮುಂದೆ ಬರುತ್ತದೆ. ತನ್ನ ಸಮಾನ ವಿದ್ವಾಂಸರೆಲ್ಲ ಒಪ್ಪಿ ಕುಳಿತ ಸಭೆಯಲ್ಲಿ, ಯಾವ ಕೋಪವೂ ಇಲ್ಲದೆ, ಕೆಲವು ಪುಟಗಳ ಟಿಪ್ಪಣಿಯನ್ನು ಬರೆದುಕೊಟ್ಟು ಎದ್ದುಬರುವುದಕ್ಕೂ ಎದೆಗಾರಿಕೆ ಬೇಕು. ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ: ಎರಡನೆಯ ಯೋಜನೆಯ ಪಾಠ ಬಂದಾಗ ಮಹಾಲನೋಬಿಸ್ ಅವರ ಹೆಸರಿನ ಕೆಳಗೆ ಶೆಣೈಯವರ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ. ಯಾರದು ಸರಿಯೆಂಬುದನ್ನು ಮಕ್ಕಳು ವಾದಿಸಲಿ.

ಆ ಹುಡುಗ ಇಂದು ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಕಳೆದ ಸಂತೆಯ ದಿನ ಅವನನ್ನು ಕಂಡು, ಅಂದು ನಿನ್ನನ್ನು ಸುಮ್ಮನೆ ಕುಳ್ಳಿರಿಸಿದ್ದು ನನ್ನ ತಪ್ಪು ಎಂದು ಹೇಳಿದೆ. ಅವನಿಗೆ ಆ ಪ್ರಸಂಗವೇ ಮರೆತುಹೋಗಿತ್ತು. ಚಹಾ ತರಿಸಿದ. ನಾನು ಹಗೇವಿನ ಕಥೆ ಹೇಳಿ ಮುಗಿಸುವಷ್ಟರಲ್ಲಿ, "ಅಂದ್ರ ಸರ್, ಗೊಬ್ಬರದ ಚೀಲದ ರೇಟು ಏರಿದಾಗೆಲ್ಲಾ ಯಾರೋ ಎಲ್ಲೋ ಚೀಟಿ ಹೆಚ್ಚಿಗಿ ಬರದಾರ ಅಂತ ತಿಳೀಬೇಕೇನ್ರೀ?" ಎಂದು ಕೇಳಿದ.

ಯಾವಾಗಲೂ ಹಾಗಲ್ಲಪ್ಪ, ಕೆಲವೊಮ್ಮೆ ಪರದೇಶದಲ್ಲಿ ಅದರ ಕಚ್ಚಾ ಸಾಮಗ್ರಿಯ ಬೆಲೆಯೂ ಏರಿರುತ್ತದೆ, ಕೆಲವೊಮ್ಮೆ ರೂಪಾಯಿಯ ದರ ಇಳಿದಿರುತ್ತದೆ ಎಂದೆ. ಈ ಸಲ ಅವನನ್ನು ಕುಳ್ಳಿರಿಸಲಿಲ್ಲ. ಗಿರಾಕಿಗಳು ಬರುವವರೆಗೂ ಇಬ್ಬರೂ ಮಾತನಾಡುತ್ತ ಕುಳಿತೆವು.

ಮುಂದಿನ ಬರಹದಲ್ಲಿ ವಿ. ಕೆ. ಆರ್. ವಿ. ರಾವ್ ಅವರು ದೇಶದ ರಾಷ್ಟ್ರೀಯ ಆದಾಯವನ್ನು ಅಳೆದ ಕಥೆಯನ್ನು ಹೇಳುತ್ತೇನೆ. ಎಲ್ಲರಿಗೂ ಒಳ್ಳೆಯದಾಗಲಿ.